ಜೆಟ್ ಎಂಜಿನ್ನಿನ ನೂಕುಬಲ ಒಳಗಿನ ಬೆಂಕಿಯಿಂದಲೋ, ಮುಂದಿನ ಫ್ಯಾನಿನಿಂದಲೋ?

ಚಿತ್ರದುರ್ಗದ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ನ್ಯೂಟನ್ನನ ಮೂರನೆಯ ನಿಯಮಕ್ಕೆ ಉದಾಹರಣೆಯಾಗಿ ಹಲಗೆಯ ಮೇಲೆ ಜೆಟ್ ಎಂಜಿನ್ನಿನ ಚಿತ್ರ ಬರೆದು, ಮುಂದಿನಿಂದ ಬಂದ ಗಾಳಿ ಕಂಪ್ರೆಸರಿನಲ್ಲಿ ಒತ್ತಿಹೋಗಿ, ಇಂಧನದೊಡನೆ ಉರಿದು, ಬಿಸಿ ಅನಿಲವಾಗಿ ಹಿಂದಕ್ಕೆ ನುಗ್ಗುತ್ತದೆ, ಅದರ ಪ್ರತಿಕ್ರಿಯೆಯಿಂದ ವಿಮಾನ ಮುಂದೆ ಸಾಗುತ್ತದೆ ಎಂದು ಎಂದಿನಂತೆ ವಿವರಿಸಿದೆ. ಆಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಈಗಿನ ವಿಮಾನಗಳಲ್ಲಿ ಎಂಜಿನ್ನಿನ ಬಾಯಿಯೊಳಗೆ ಹೋಗುವ ಗಾಳಿಯ ಹನ್ನೆರಡು ಪಾಲಿನಲ್ಲಿ ಒಂದು ಪಾಲು ಮಾತ್ರ ಬೆಂಕಿಯ ಬಳಿ ಹೋಗುತ್ತದೆ, ಉಳಿದ ಹನ್ನೊಂದು ಪಾಲು ಉರಿಯದೆಯೇ ಹೊರಸುತ್ತಿನಿಂದ ಹಿಂದಕ್ಕೆ ಹೋಗಿಬಿಡುತ್ತದೆ ಎಂದು ಓದಿದ್ದೇನೆ, ಆ ಗಾಳಿಯ ಕೆಲಸವೇನು ಎಂದು ಕೇಳಿದಳು. ಎಂಜಿನ್ ತಣಿಸುವುದಕ್ಕೆ ಇರಬಹುದು ಎಂದು ನಾನು ಉತ್ತರಿಸಿದೆ.

ಮನೆಗೆ ಬಂದು ಯೋಚಿಸಿದ ಮೇಲೆ ನನ್ನ ಉತ್ತರ ಸರಿಯಿಲ್ಲವೆನಿಸಿತು. ಬರೀ ತಣಿಸುವುದಕ್ಕಾಗಿ ಎರಡು ಮೀಟರ್ ಅಗಲದ ಫ್ಯಾನನ್ನು ಯಾರೂ ಆಕಾಶಕ್ಕೆ ಹೊತ್ತೊಯ್ಯುವುದಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು. ಸೋಮವಾರ ತರಗತಿಗೆ ಹೋಗಿ ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕಾಗಿದೆ.

ಟೆಸ್ಟ್‌ಬೆಡ್ ನಿವೃತ್ತ:

ಮೇಡಂ, ನಿಮ್ಮ ವಿದ್ಯಾರ್ಥಿನಿ ಓದಿದ್ದು ಸರಿಯಾಗಿದೆ. ಈಗ ನಮ್ಮಲ್ಲಿ ಹಾರುತ್ತಿರುವ ಏರ್‌ಬಸ್ ಎ320 ನಿಯೋ ವಿಮಾನಗಳ ಎಂಜಿನ್ನುಗಳಲ್ಲಿ ಒಳಗಿನ ಒಂದು ಪಾಲಿಗೆ ಹೊರಗಿನ ಹನ್ನೊಂದು ಅಥವಾ ಹನ್ನೆರಡು ಪಾಲು ಗಾಳಿ ಹರಿಯುತ್ತದೆ. ಈ ಲೆಕ್ಕವನ್ನೇ ಬೈಪಾಸ್ ಅನುಪಾತ ಎನ್ನುತ್ತಾರೆ. ಆ ಹೊರಗಿನ ಗಾಳಿಯ ಕೆಲಸ ವಿಮಾನವನ್ನು ನೂಕುವುದು. ಇಂಥ ಎಂಜಿನ್ನಿನ ನೂಕುಬಲದ ಮುಕ್ಕಾಲಿಗಿಂತ ಹೆಚ್ಚು ಭಾಗ ಬೆಂಕಿಯನ್ನು ಕಾಣದ ಆ ತಣ್ಣನೆಯ ಗಾಳಿಯಿಂದಲೇ ಬರುತ್ತದೆ. ನಲವತ್ತು ವರ್ಷ ಎಂಜಿನ್ನುಗಳ ನಡುವೆಯೇ ಬದುಕಿದ ನನಗೆ, ನಮ್ಮ ಪಠ್ಯಪುಸ್ತಕಗಳ ಚಿತ್ರ ಇನ್ನೂ ಗಾಳಿಯೆಲ್ಲ ಬೆಂಕಿಯ ಮೂಲಕವೇ ಹಾಯುವ 1950ರ ದಶಕದ ಟರ್ಬೋಜೆಟ್ಟಿನಲ್ಲೇ ನಿಂತಿದೆಯೆಂಬುದು ಬಹಳ ದಿನಗಳ ಕೊರಗು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೂಕುಬಲವು ಸಂವೇಗದ ಲೆಕ್ಕ, ಇಂಧನದ ಖರ್ಚು ಚಲನಶಕ್ತಿಯ ಲೆಕ್ಕ. ವಿಷಯವೆಲ್ಲ ಇಷ್ಟರಲ್ಲೇ ಅಡಗಿದೆ. ನಿಂತಿರುವ ವಿಮಾನಕ್ಕೆ 100 ಕಿಲೋನ್ಯೂಟನ್ ನೂಕುಬಲ ಬೇಕೆಂದುಕೊಳ್ಳಿ. ಪ್ರತಿ ಸೆಕೆಂಡಿಗೆ 100 ಕಿಲೋಗ್ರಾಂ ಗಾಳಿಯನ್ನು ಸೆಕೆಂಡಿಗೆ 1,000 ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆದರೂ ಅಷ್ಟು ಬಲ ಸಿಗುತ್ತದೆ, 500 ಕಿಲೋಗ್ರಾಂ ಗಾಳಿಯನ್ನು 200 ಮೀಟರ್ ವೇಗದಲ್ಲಿ ಎಸೆದರೂ ಅಷ್ಟೇ ಬಲ ಸಿಗುತ್ತದೆ, ಏಕೆಂದರೆ ಎರಡರಲ್ಲೂ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ ಒಂದೇ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊದಲನೆಯ ದಾರಿಯಲ್ಲಿ ಗಾಳಿಗೆ ಪ್ರತಿ ಸೆಕೆಂಡಿಗೆ ಕೊಡಬೇಕಾದ ಶಕ್ತಿ 50 ಮೆಗಾವ್ಯಾಟ್, ಎರಡನೆಯ ದಾರಿಯಲ್ಲಿ 10 ಮೆಗಾವ್ಯಾಟ್. ಬಲ ಅಷ್ಟೇ, ಖರ್ಚು ಐದನೆಯ ಒಂದು ಪಾಲು. ಹೆಚ್ಚು ಗಾಳಿಯನ್ನು ಹಿಡಿದು ಮೆಲ್ಲಗೆ ನೂಕಬೇಕು ಎನ್ನುವುದೇ ಟರ್ಬೋಫ್ಯಾನಿನ, ಅಂದರೆ ಮುಂದೆ ಫ್ಯಾನು ಇರುವ ಇಂಥ ಎಂಜಿನ್ನಿನ, ತಿರುಳು.

ಹಾಗಾಗಿ ಎಂಜಿನ್ನಿನ ಮುಖದಲ್ಲಿ ಕಾಣುವ ಆ ಫ್ಯಾನೇ ವಿಮಾನವನ್ನು ಎಳೆದೊಯ್ಯುವ ಮುಖ್ಯ ಅಂಗ. ನಡುವೆ ಉರಿಯುವ ಬೆಂಕಿ ಇರುವುದು ಅದನ್ನು ತಿರುಗಿಸಲಿಕ್ಕೆ.

ಎನ್. ಎಸ್., ಶಿವಮೊಗ್ಗ:

ಟೆಸ್ಟ್‌ಬೆಡ್ ಅವರ ಲೆಕ್ಕ ತಪ್ಪೆಂದು ಹೇಳುತ್ತಿಲ್ಲ, ಆದರೆ ಒಂದು ಎಳೆ ನನಗೆ ಬಿಡುತ್ತಿಲ್ಲ. ಫ್ಯಾನು ತಾನಾಗಿ ತಿರುಗುವುದಿಲ್ಲವಲ್ಲ. ಅದನ್ನು ತಿರುಗಿಸುವ ಶಕ್ತಿಯೂ ಅದೇ ಬೆಂಕಿಯಿಂದ ಬರಬೇಕು. ಬಿಸಿ ಅನಿಲದ ಶಕ್ತಿಯನ್ನು ಟರ್ಬೈನಿನಲ್ಲಿ, ಅಂದರೆ ಅನಿಲದ ರಭಸಕ್ಕೆ ತಿರುಗುವ ಚಕ್ರದಲ್ಲಿ, ಕಸಿದು ಫ್ಯಾನಿಗೆ ಕೊಟ್ಟ ಮೇಲೆ ಅನಿಲದ ರಭಸ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಟರ್ಬೈನಿನಲ್ಲಿ ಒಂದಿಷ್ಟು, ಫ್ಯಾನಿನಲ್ಲಿ ಒಂದಿಷ್ಟು ಸೋರಿಕೆಯೂ ಇರುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿಸುವ ಬದಲು ಅನಿಲವನ್ನು ನೇರವಾಗಿ ಹಿಂದಕ್ಕೆ ಬಿಡುವುದೇ ಲಾಭವಲ್ಲವೇ?

ಟೆಸ್ಟ್‌ಬೆಡ್ ನಿವೃತ್ತ:

ಎನ್. ಎಸ್. ಅವರೇ, ಮೊದಮೊದಲ ಎಂಜಿನ್ ತಯಾರಕರನ್ನೂ ಇದೇ ಪ್ರಶ್ನೆ ತಡೆದು ನಿಲ್ಲಿಸಿತ್ತು. ಕೈಬದಲಾವಣೆಯಲ್ಲಿ ಸೋರಿಕೆ ಇರುವುದು ನಿಜ, ಆದರೆ ನೇರವಾಗಿ ಬಿಟ್ಟಾಗ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು. ವಿಮಾನ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹಾರುತ್ತಿದ್ದು, ಅದರ ಹಿಂದೆ ಅನಿಲ 750 ಮೀಟರ್ ವೇಗದಲ್ಲಿ ಹೊರಬೀಳುತ್ತಿದ್ದರೆ, ವಿಮಾನ ದಾಟಿಹೋದ ಜಾಗದಲ್ಲಿ ಗಾಳಿ ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿರುತ್ತದೆ. ಆ ಓಟದಲ್ಲಿರುವ ಶಕ್ತಿಯೆಲ್ಲ ನಾವು ದುಡ್ಡು ಕೊಟ್ಟು ಕೊಂಡ ಇಂಧನದ್ದು, ಅದರಿಂದ ವಿಮಾನಕ್ಕೆ ಕಿಂಚಿತ್ತೂ ಪ್ರಯೋಜನವಿಲ್ಲ. ಅನಿಲಕ್ಕೆ ಕೊಟ್ಟ ಚಲನಶಕ್ತಿಯಲ್ಲಿ ವಿಮಾನಕ್ಕೆ ದಕ್ಕುವ ಭಾಗವನ್ನು ತಿಳಿಯಲು, ವಿಮಾನದ ವೇಗದ ಎರಡರಷ್ಟನ್ನು ವಿಮಾನದ ವೇಗ ಮತ್ತು ಹೊರಬೀಳುವ ವೇಗಗಳ ಮೊತ್ತದಿಂದ ಭಾಗಿಸಿದರೆ ಸಾಕು. 750 ಮೀಟರಿನ ಲೆಕ್ಕದಲ್ಲಿ 500ನ್ನು 1,000ದಿಂದ ಭಾಗಿಸಿದಂತಾಗಿ, ಅರ್ಧಕ್ಕರ್ಧ ಪೋಲು. ಹೊರಬೀಳುವ ವೇಗವನ್ನು 350 ಮೀಟರಿಗೆ ಇಳಿಸಿದರೆ 500ನ್ನು 600ರಿಂದ ಭಾಗಿಸಿದಂತಾಗಿ, ದಕ್ಕುವುದು ಶೇ. 83. ಟರ್ಬೈನು ಮತ್ತು ಫ್ಯಾನುಗಳಲ್ಲಿ ಶೇಕಡಾ ಹತ್ತಿಪ್ಪತ್ತು ಸೋರಿದರೂ ಈ ವ್ಯಾಪಾರ ಲಾಭದ್ದೇ.

ಅಂದಮೇಲೆ ಫ್ಯಾನನ್ನು ಹಿಗ್ಗಿಸುತ್ತ ಹೋಗಬಹುದೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಅದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತೇನೆ.

ದೇವನಹಳ್ಳಿ ಆಕಾಶ:

ನಾನೇ ಕೇಳುತ್ತೇನೆ ಸರ್. ನಾನು ಏರೋನಾಟಿಕಲ್ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ, ಬಿಡುವಿನ ದಿನಗಳಲ್ಲಿ ದೇವನಹಳ್ಳಿ ವಿಮಾನನಿಲ್ದಾಣದ ಹೊರಗೆ ನಿಂತು ವಿಮಾನಗಳ ಚಿತ್ರ ತೆಗೆಯುವ ಹವ್ಯಾಸದವನು. ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕುವುದೇ ಒಳ್ಳೆಯದಾದರೆ, ಆ ಕೆಲಸದಲ್ಲಿ ಪ್ರೊಪೆಲ್ಲರನ್ನು ಮೀರಿಸಿದ್ದು ಇಲ್ಲ. ಹುಬ್ಬಳ್ಳಿಗೂ ಮೈಸೂರಿಗೂ ಹೋಗುವ ಎಟಿಆರ್ ವಿಮಾನಗಳು ಇವತ್ತಿಗೂ ಪ್ರೊಪೆಲ್ಲರಿನಿಂದಲೇ ಹಾರುತ್ತವೆ. ದೆಹಲಿಗೆ ಹೋಗುವ ವಿಮಾನಕ್ಕೆ ಅದು ಏಕೆ ಒಲ್ಲದು? ಫ್ಯಾನಿನ ಸುತ್ತ ಆ ದಪ್ಪ ಕವಚ ಏಕೆ ಬೇಕು?

ಟೆಸ್ಟ್‌ಬೆಡ್ ನಿವೃತ್ತ:

ಪ್ರೊಪೆಲ್ಲರಿನ ತುದಿಗೆ ಎರಡು ವೇಗಗಳಿರುತ್ತವೆ. ತಾನು ಸುತ್ತುವ ವೇಗ ಒಂದು, ವಿಮಾನ ಮುಂದೆ ಸಾಗುವ ವೇಗ ಇನ್ನೊಂದು. ವಿಮಾನ ಶಬ್ದದ ವೇಗದ ನೂರಕ್ಕೆ ಎಂಬತ್ತರಷ್ಟನ್ನು ಮುಟ್ಟುವ ಹೊತ್ತಿಗೆ ಎರಡೂ ಸೇರಿ ತುದಿಯ ವೇಗ ಶಬ್ದದ ವೇಗವನ್ನು ಮೀರುತ್ತದೆ, ಅಲ್ಲಿ ಆಘಾತ ತರಂಗಗಳೆದ್ದು ದಕ್ಷತೆ ಕುಸಿಯುತ್ತದೆ, ಗದ್ದಲ ಸಹಿಸಲಾಗದಷ್ಟಾಗುತ್ತದೆ. ಎಟಿಆರ್ ನಿಧಾನವಾಗಿ ಹಾರುವುದರಿಂದ ಅದಕ್ಕೆ ಈ ತೊಡಕು ಬರುವುದಿಲ್ಲ. ಟರ್ಬೋಫ್ಯಾನಿನ ಕವಚದ ಮುಂಬಾಯಿ ಮಾಡುವ ಉಪಕಾರ ಇಲ್ಲಿಯದು. ಒಳನುಗ್ಗುವ ಗಾಳಿ ಆ ಬಾಯಿಯಲ್ಲಿ ಸ್ವಲ್ಪ ಹಿಗ್ಗಿ, ವೇಗ ಕಳೆದುಕೊಂಡು, ಒತ್ತಡ ಗಳಿಸಿಕೊಂಡು ಫ್ಯಾನನ್ನು ಮುಟ್ಟುತ್ತದೆ. ಹೊರಗೆ ವಿಮಾನ ಎಷ್ಟೇ ವೇಗದಲ್ಲಿದ್ದರೂ ಫ್ಯಾನಿಗೆ ಸಿಗುವುದು ಒಂದು ಹದಕ್ಕೆ ಬಂದ ಗಾಳಿ. ಬ್ಲೇಡಿನ ತುದಿ ಮತ್ತು ಕವಚದ ನಡುವಿನ ಸಂದು ಬಹಳ ಕಿರಿದಾಗಿರುವುದರಿಂದ ತುದಿಯಿಂದ ಗಾಳಿ ಜಾರಿಹೋಗುವುದೂ ಕಡಿಮೆ.

ಆದರೆ ಕವಚಕ್ಕೆ ತೂಕವಿದೆ, ಗಾಳಿಯ ಎಳೆತವಿದೆ. ಫ್ಯಾನು ಹಿಗ್ಗಿದಂತೆಲ್ಲ ಅವೂ ಹಿಗ್ಗಿ, ಒಂದು ಮಿತಿ ದಾಟಿದ ಮೇಲೆ ಉಳಿಸಿದ ಇಂಧನವನ್ನೆಲ್ಲ ಕವಚವೇ ತಿಂದುಬಿಡುತ್ತದೆ. ರೆಕ್ಕೆಯ ಕೆಳಗೆ ಜಾಗವೂ ಬೇಕು. ಬೋಯಿಂಗ್ 737ರ ಎಂಜಿನ್ ಬಾಯಿ ಗುಂಡಗಿರದೆ ತಳದಲ್ಲಿ ಚಪ್ಪಟೆಯಾಗಿರುವುದನ್ನು ನೀವು ಚಿತ್ರಗಳಲ್ಲಿ ಗಮನಿಸಿರಬಹುದು. ನೆಲಕ್ಕೆ ಹತ್ತಿರ ಕುಳಿತ ಹಳೆಯ ವಿಮಾನಕ್ಕೆ 1984ರಲ್ಲಿ ಹೊಸ ದೊಡ್ಡ ಫ್ಯಾನನ್ನು ಜೋಡಿಸಬೇಕಾಗಿ ಬಂದಾಗ ಮಾಡಿಕೊಂಡ ಏರ್ಪಾಡು ಅದು. ಕವಚವನ್ನೇ ತೆಗೆದುಹಾಕಿ, ಕತ್ತಿಯಂತೆ ಬಾಗಿದ ಬ್ಲೇಡುಗಳನ್ನು ಬಯಲಿನಲ್ಲೇ ತಿರುಗಿಸುವ ಪ್ರಯತ್ನ 1980ರ ದಶಕದಲ್ಲಿ ನಡೆದಿತ್ತು, 2021ರಲ್ಲಿ ಎಂಜಿನ್ ತಯಾರಿಸುವ ಸಿಎಫ್‌ಎಂ ಸಂಸ್ಥೆ ಅದನ್ನು ಮತ್ತೆ ಕೈಗೆತ್ತಿಕೊಂಡಿದೆ.

ಹ್ಯಾಂಗರ್ ಬದಿಯವ:

ಫ್ಯಾನಿನ ಮಾತು ಬಂದಿರುವುದರಿಂದ, ಅದನ್ನು ಕೈಯಿಂದ ಮುಟ್ಟಿ ದುಡಿದ ನಾನೂ ನಾಲ್ಕು ಮಾತು ಸೇರಿಸುತ್ತೇನೆ. ವಿಮಾನ ನಿರ್ವಹಣೆಯ ಕೆಲಸದಲ್ಲಿದ್ದಾಗ 737 ವಿಮಾನಗಳ ಸಿಎಫ್‌ಎಂ56-7ಬಿ ಎಂಜಿನ್ನುಗಳೊಡನೆ ನನಗೆ ಹೆಚ್ಚಿನ ಒಡನಾಟ. ಅದರ ಫ್ಯಾನಿನ ಅಗಲ 1.55 ಮೀಟರ್, ಬ್ಲೇಡುಗಳು 24, ಟೈಟಾನಿಯಂ. ನಿಮಿಷಕ್ಕೆ 5,175 ಸುತ್ತು ತಿರುಗಿದಾಗ ಕಾಕ್‌ಪಿಟ್ಟಿನ ಮಾಪಕ ನೂರು ತೋರಿಸುತ್ತದೆ. ಲೆಕ್ಕ ಹಾಕಿ ನೋಡಿ, ಆಗ ಬ್ಲೇಡಿನ ತುದಿಯ ವೇಗ ಸೆಕೆಂಡಿಗೆ ಸುಮಾರು 420 ಮೀಟರ್, ಅಂದರೆ ಶಬ್ದಕ್ಕಿಂತ ಹೆಚ್ಚು. ವಿಮಾನ ಮೇಲೇರುವಾಗ ಮುಂದಿನ ಸಾಲುಗಳಲ್ಲಿ ಕುಳಿತವರಿಗೆ ಗರಗಸ ಎಳೆದಂಥ ಸದ್ದು ಕೇಳಿಸುವುದು ಆ ಕಾರಣಕ್ಕೆ.

ಎಂಜಿನ್ ನಿಂತಿರುವಾಗ ಬೇರೆಯದೇ ಸದ್ದು. ಸಂಜೆ ಗಾಳಿ ಬೀಸಿದರೆ ಫ್ಯಾನು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತ ‘ಟಕ್, ಟಕ್’ ಎನ್ನುತ್ತದೆ. ಹೊಸದಾಗಿ ಸೇರಿದ ಹುಡುಗರು ಏನೋ ಸಡಿಲವಾಗಿದೆಯೆಂದು ಓಡಿಬರುತ್ತಿದ್ದರು. ಸಡಿಲವಾಗಿರುವುದು ನಿಜ, ಹಾಗೆಯೇ ಇರಬೇಕು ಕೂಡ. ಬಡಗಿಗಳು ಮರಕ್ಕೆ ಮರ ಕೂಡಿಸುವಾಗ ಒಂದರ ಅಗಲವಾದ ಬುಡ ಇನ್ನೊಂದರ ಸಂದಿನಲ್ಲಿ ಕಚ್ಚಿಕೊಳ್ಳುವಂತೆ ಮಾಡುತ್ತಾರಲ್ಲ, ಪ್ರತಿಯೊಂದು ಬ್ಲೇಡಿನ ಬುಡವೂ ನಡುವಿನ ತಟ್ಟೆಯ ಸಂದಿನಲ್ಲಿ ಹಾಗೆ ಕುಳಿತಿರುತ್ತದೆ. ಫ್ಯಾನು ಪೂರ್ತಿ ವೇಗಕ್ಕೆ ಬಂದಾಗ ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ ಅದರ ತೂಕದ ಸುಮಾರು 15,000 ಪಟ್ಟಿಗೆ ಏರುತ್ತದೆ, ಬುಡ ತಾನಾಗಿ ತನ್ನ ಜಾಗದಲ್ಲಿ ಬಿಗಿಯುತ್ತದೆ.

ಈ ಬುಡದ ಆರೈಕೆಯನ್ನು ನಾವು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆವು. ಮುಂದಿನ ಗೋಪುರದಂಥ ಮೂತಿಯನ್ನು ಬಿಚ್ಚಿ, ಬ್ಲೇಡುಗಳನ್ನು ಒಂದೊಂದಾಗಿ ಮುಂದಕ್ಕೆ ಜಾರಿಸಿ ತೆಗೆದು, ಬುಡದ ಹಳೆಯ ಲೇಪವನ್ನು ಒರೆಸಿ, ಒಣ ಲೂಬ್ರಿಕೆಂಟನ್ನು ತೆಳ್ಳಗೆ ಹಚ್ಚಿ, ತೆಗೆದ ಜಾಗಕ್ಕೇ ಮತ್ತೆ ಸೇರಿಸಬೇಕು. ಪ್ರತಿ ಬ್ಲೇಡಿನ ತೂಕದ ಗುಣವೂ ಸ್ವಲ್ಪ ಸ್ವಲ್ಪ ಬೇರೆಯಾದ್ದರಿಂದ ಜಾಗ ಬದಲಾದರೆ ಇಡೀ ಎಂಜಿನ್ ನಡುಗುತ್ತದೆ. ಲೇಪ ಸವೆದರೆ ಲೋಹ ಲೋಹಕ್ಕೆ ಉಜ್ಜಿ ದಣಿವಿನ ಬಿರುಕು ಹುಟ್ಟುತ್ತದೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಇದೇ ಮಾದರಿಯ ಎಂಜಿನ್ನಿನ ಒಂದು ಬ್ಲೇಡು ಬುಡದ ಬಿರುಕಿನಿಂದ ಮುರಿದು, ಕವಚದ ಚೂರುಗಳು ಕಿಟಕಿಗೆ ಬಡಿದು ಪ್ರಯಾಣಿಕರೊಬ್ಬರು ತೀರಿಕೊಂಡರು. ಆ ಮೇಲೆ ಬುಡಗಳನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುವ ಕ್ರಮ ಇನ್ನಷ್ಟು ಬಿಗಿಯಾಯಿತು.

ದಿನನಿತ್ಯದ ತಪಾಸಣೆಯಲ್ಲಿ ನಾನು ಕಣ್ಣಿಗಿಂತ ಉಗುರನ್ನು ಹೆಚ್ಚು ನಂಬುತ್ತಿದ್ದೆ. ಬ್ಲೇಡಿನ ಮುಂಭಾಗದ ಅಂಚಿನ ಮೇಲೆ ಬೆರಳನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರೆ, ಸಣ್ಣ ಕಲ್ಲು ಬಡಿದು ಆದ ಕಚ್ಚು ಟಾರ್ಚಿನ ಬೆಳಕಿಗೆ ಕಾಣದಿದ್ದರೂ ಉಗುರಿಗೆ ಸಿಕ್ಕುತ್ತದೆ. ಕಚ್ಚಿನ ಆಳ ಕೈಪಿಡಿಯ ಮಿತಿಯೊಳಗಿದ್ದರೆ ಅರದಿಂದ ನಯವಾಗಿ ಉಜ್ಜಿ ಬಿಡಬಹುದು, ಮೀರಿದ್ದರೆ ಬ್ಲೇಡನ್ನೇ ಬದಲಿಸಬೇಕು.

ಮುಂಬೈ ಕನ್ನಡಿಗ:

ಈ ಚರ್ಚೆಗೆ ಸ್ವಲ್ಪ ಚರಿತ್ರೆಯನ್ನೂ ಸೇರಿಸಿದರೆ ಉಪನ್ಯಾಸಕಿಯವರಿಗೆ ಉಪಯೋಗವಾಗಬಹುದು. ಮೊದಲ ಜೆಟ್ ವಿಮಾನ 1939ರ ಆಗಸ್ಟ್ 27ರಂದು ಜರ್ಮನಿಯಲ್ಲಿ ಹಾರಿತು, ಬ್ರಿಟನ್ನಿನದು 1941ರ ಮೇ 15ರಂದು. ಬ್ರಿಟನ್ನಿನ ಎಂಜಿನ್ನನ್ನು ರೂಪಿಸಿದ ಫ್ರ್ಯಾಂಕ್ ವಿಟಲ್ ಅವರು ಹೊರಗಿನಿಂದ ತಣ್ಣನೆಯ ಗಾಳಿಯನ್ನು ನೂಕುವ ವಿಚಾರಕ್ಕೆ 1936ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ವಿಮಾನ ಹಾರುವ ಮೊದಲೇ ಅದರ ಮುಂದಿನ ಹೆಜ್ಜೆ ಅವರಿಗೆ ಕಂಡಿತ್ತೆನ್ನುವುದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಆದರೆ ಫ್ಯಾನನ್ನು ತಿರುಗಿಸುವಷ್ಟು ಶಕ್ತಿಯನ್ನು ಟರ್ಬೈನಿನಿಂದ ಹಿಂಡಬೇಕಾದರೆ ಅನಿಲ ಹೆಚ್ಚು ಬಿಸಿಯಾಗಿರಬೇಕು. ಅಷ್ಟು ಬಿಸಿಯನ್ನು ತಾಳುವ ಲೋಹ ಅಂದು ಇರಲಿಲ್ಲ.

ಪ್ರಯಾಣಿಕರನ್ನು ಹೊತ್ತ ಮೊದಲ ಟರ್ಬೋಫ್ಯಾನುಗಳಲ್ಲಿ ರೋಲ್ಸ್ ರಾಯ್ಸ್ ಕಂಪನಿಯ ಕಾನ್‌ವೇ ಹೆಸರು ಮುಂಚೂಣಿಯದು, ಮತ್ತು ಅದಕ್ಕೂ ನಮ್ಮ ದೇಶಕ್ಕೂ ನಂಟಿದೆ. ಏರ್ ಇಂಡಿಯಾ 1960ರಲ್ಲಿ ಕೊಂಡ ಬೋಯಿಂಗ್ 707-437 ವಿಮಾನಗಳಿಗೆ ಇದ್ದದ್ದು ಕಾನ್‌ವೇ ಎಂಜಿನ್ನುಗಳೇ. ಅದರ ಬೈಪಾಸ್ ಅನುಪಾತ ಕೇವಲ 0.3ರ ಆಸುಪಾಸು, ಅಂದರೆ ಒಳಗೆ ಹೋದ ಹತ್ತು ಪಾಲಿಗೆ ಹೊರಗೆ ಮೂರು ಪಾಲು. ಇವತ್ತಿನ ಹನ್ನೊಂದಕ್ಕೆ ಹೋಲಿಸಿದರೆ ಅದು ಟರ್ಬೋಜೆಟ್ಟೇ ಎನ್ನಬೇಕು, ಆದರೂ ಆ ಮೂರು ಪಾಲು ದಾರಿ ತೆರೆಯಿತು.

ಮುಂದೆ ಅದೇ ರೋಲ್ಸ್ ರಾಯ್ಸ್ ಕಂಪನಿ ಆರ್‌ಬಿ211 ಎಂಬ ದೊಡ್ಡ ಟರ್ಬೋಫ್ಯಾನಿಗೆ ಕೈಹಾಕಿತು. ಫ್ಯಾನು ಹಗುರವಾಗಬೇಕೆಂದು ಬ್ಲೇಡುಗಳನ್ನು ಕಾರ್ಬನ್ ನಾರಿನಿಂದ ಮಾಡಿ ನೋಡಿದರು. ಉಳಿದ ಪರೀಕ್ಷೆಗಳಲ್ಲಿ ನಿಂತ ಆ ಬ್ಲೇಡುಗಳು ಪಕ್ಷಿ ಬಡಿತದ ಪರೀಕ್ಷೆಯಲ್ಲಿ ಚೂರಾದವು. ಮತ್ತೆ ಟೈಟಾನಿಯಮ್ಮಿಗೆ ಮರಳಬೇಕಾಗಿ, ಏರಿದ ಖರ್ಚನ್ನು ತಾಳಲಾರದೆ ಕಂಪನಿ 1971ರ ಫೆಬ್ರುವರಿಯಲ್ಲಿ ದಿವಾಳಿಯಾಯಿತು, ಬ್ರಿಟನ್ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಆರ್‌ಬಿ211 ಮುಂದೆ ಗೆದ್ದಿತು, ದಶಕಗಳ ಕಾಲ ಹಾರಿತು. ಕಾರ್ಬನ್ ನಾರಿನ ಬ್ಲೇಡೂ ಸೋಲಲಿಲ್ಲ. ಬೋಯಿಂಗ್ 777ರ ಜಿಇ90 ಎಂಜಿನ್ನಿನಲ್ಲಿ 1995ರಿಂದ ಅದೇ ನಾರು, ಮುಂಭಾಗದ ಅಂಚಿಗೆ ಟೈಟಾನಿಯಂ ಹೊದಿಕೆ ಹಾಕಿಕೊಂಡು ಪ್ರಯಾಣಿಕರನ್ನು ಹೊರುತ್ತಿದೆ. ಅದರ ಹಿಗ್ಗಿದ ಮಾದರಿಯಾದ ಜಿಇ90-115ಬಿಯ ಫ್ಯಾನಿನ ಅಗಲ 3.25 ಮೀಟರ್.

ದೇವನಹಳ್ಳಿ ಆಕಾಶ:

ಹ್ಯಾಂಗರ್ ಬದಿಯವರಿಗೆ ಒಂದು ಪ್ರಶ್ನೆ. ಎ320 ನಿಯೋ ವಿಮಾನಗಳಿಗೆ ಎರಡು ಬಗೆಯ ಎಂಜಿನ್ನುಗಳಿವೆ, ಅದರಲ್ಲಿ ಒಂದಕ್ಕೆ ಗೇರ್ ಇದೆ ಎನ್ನುತ್ತಾರೆ. ಗೇರಿನಿಂದ ಸಿಗುವುದೇನು? ಇನ್ನೊಂದು, ಹೊಸ ವಿಮಾನಗಳು ಎಂಜಿನ್ ಶುರು ಮಾಡಲು ಹಳೆಯವಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದನ್ನು ಕಂಡಿದ್ದೇನೆ, ಅದಕ್ಕೂ ಗೇರಿಗೂ ಸಂಬಂಧವಿದೆಯೇ?

ಹ್ಯಾಂಗರ್ ಬದಿಯವ:

ಫ್ಯಾನಿಗೂ ಅದನ್ನು ತಿರುಗಿಸುವ ಟರ್ಬೈನಿಗೂ ಸ್ವಭಾವ ಹೊಂದುವುದಿಲ್ಲ. ಅಗಲವಾದ ಫ್ಯಾನು ನಿಧಾನವಾಗಿ ತಿರುಗಿದರೆ ಚೆನ್ನ, ಕಿರಿದಾದ ಟರ್ಬೈನು ವೇಗವಾಗಿ ತಿರುಗಿದರೆ ಚೆನ್ನ. ಇಬ್ಬರನ್ನೂ ಒಂದೇ ದಂಡಕ್ಕೆ ಕಟ್ಟಿದರೆ ಟರ್ಬೈನು ತನ್ನ ಹದಕ್ಕಿಂತ ನಿಧಾನವಾಗಿ ತಿರುಗಬೇಕಾಗುತ್ತದೆ, ಆ ಕೊರತೆಯನ್ನು ತುಂಬಲು ಅದರ ಬ್ಲೇಡುಗಳ ಸಾಲುಗಳನ್ನು ಹೆಚ್ಚಿಸಬೇಕಾಗುತ್ತದೆ. ಸಿಎಫ್‌ಎಂ ಸಂಸ್ಥೆಯ ಲೀಪ್-1ಎ ಎಂಜಿನ್ನಿನಲ್ಲಿ ಫ್ಯಾನನ್ನು ತಿರುಗಿಸುವ ಟರ್ಬೈನಿಗೆ ಏಳು ಸಾಲುಗಳಿವೆ. ಪ್ರಾಟ್ ಅಂಡ್ ವಿಟ್ನಿಯ ಪಿಡಬ್ಲ್ಯು1100ಜಿ ಎಂಜಿನ್ನಿನಲ್ಲಿ ನಡುವೆ ಗೇರ್ ಇರುವುದರಿಂದ ದಂಡ ಮೂರು ಸುತ್ತು ತಿರುಗಿದರೆ ಫ್ಯಾನು ಒಂದು ಸುತ್ತು ತಿರುಗುತ್ತದೆ, ಟರ್ಬೈನಿಗೆ ಮೂರೇ ಸಾಲು ಸಾಕಾಗುತ್ತದೆ. ಗೇರಿಗೂ ತೂಕವಿದೆ, ಅದರ ಎಣ್ಣೆ ಬಿಸಿಯಾಗುತ್ತದೆ, ಅದನ್ನು ತಣಿಸಬೇಕು. ಎರಡು ದಾರಿಗಳಿಗೂ ಅವುಗಳದೇ ಬೆಲೆಯಿದೆ. ಎರಡೂ ಹಿಂದಿನ ತಲೆಮಾರಿಗಿಂತ ಇಂಧನವನ್ನು ಶೇ. 15ರ ಸುಮಾರಿಗೆ ಉಳಿಸುತ್ತವೆ ಎಂದು ತಯಾರಕರು ಹೇಳುತ್ತಾರೆ. ನನ್ನ ಒಲವು ಗೇರಿನ ಕಡೆಗೆ, ಏಕೆಂದರೆ ಫ್ಯಾನು ಇನ್ನೂ ಹಿಗ್ಗಬೇಕಾದರೆ ಅದನ್ನು ಬಿಟ್ಟು ದಾರಿಯಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಗೇರ್ ಕಾರಣವಲ್ಲ. ಎಂಜಿನ್ ನಿಂತ ಮೇಲೆ ಒಳಗಿನ ಬಿಸಿಗಾಳಿ ಮೇಲಕ್ಕೇರುವುದರಿಂದ ದಂಡದ ಮೇಲ್ಭಾಗ ನಿಧಾನವಾಗಿ, ಕೆಳಭಾಗ ಬೇಗ ತಣಿಯುತ್ತದೆ, ದಂಡ ಕಣ್ಣಿಗೆ ಕಾಣದಷ್ಟು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ದಂಡವನ್ನು ಥಟ್ಟನೆ ವೇಗಕ್ಕೆ ತಂದರೆ ಬ್ಲೇಡಿನ ತುದಿಗಳು ಕವಚಕ್ಕೆ ಉಜ್ಜುತ್ತವೆ. ಹೊಸ ಎಂಜಿನ್ನುಗಳಲ್ಲಿ ಸಂದುಗಳು ಬಹಳ ಬಿಗಿ. ಅದಕ್ಕಾಗಿ ಇಂಧನ ಹೊತ್ತಿಸುವ ಮೊದಲು ಗಾಳಿಯಿಂದಲೇ ಸ್ವಲ್ಪ ಹೊತ್ತು ತಿರುಗಿಸಿ, ದಂಡವನ್ನು ನೆಟ್ಟಗಾಗಲು ಬಿಡುತ್ತಾರೆ.

ಎನ್. ಎಸ್., ಶಿವಮೊಗ್ಗ:

ನನ್ನ ಸಂಶಯ ಪರಿಹಾರವಾಯಿತು, ಧನ್ಯವಾದಗಳು. ಆದರೆ ಇನ್ನೊಂದು ಕೇಳಲೇಬೇಕು. ಬೆಂಗಳೂರಿನಲ್ಲಿ ರೂಪುಗೊಂಡ ಕಾವೇರಿ ಎಂಜಿನ್ನೂ ಟರ್ಬೋಫ್ಯಾನ್ ಎಂದೇ ಓದಿದ್ದೇನೆ. ಯುದ್ಧವಿಮಾನದ ಎಂಜಿನ್ನಿನ ಮುಖದಲ್ಲಿ ಅಂಥ ದೊಡ್ಡ ಫ್ಯಾನು ಕಾಣುವುದಿಲ್ಲವಲ್ಲ?

ಟೆಸ್ಟ್‌ಬೆಡ್ ನಿವೃತ್ತ:

ಈ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು. ಕಾವೇರಿಯೂ ಟರ್ಬೋಫ್ಯಾನೇ, ಆದರೆ ಅದರ ಬೈಪಾಸ್ ಅನುಪಾತ 0.2ಕ್ಕಿಂತಲೂ ಕಡಿಮೆ. ತೇಜಸ್ ವಿಮಾನದಲ್ಲಿ ಈಗಿರುವ ಅಮೆರಿಕದ ಎಫ್404 ಎಂಜಿನ್ನಿನದು 0.34ರಷ್ಟು. ಶಬ್ದಕ್ಕಿಂತ ವೇಗವಾಗಿ ಹಾರಬೇಕಾದ ವಿಮಾನಕ್ಕೆ ಹೊರಬೀಳುವ ಅನಿಲ ಅದಕ್ಕಿಂತ ವೇಗವಾಗಿರಲೇಬೇಕು, ಮೆಲ್ಲಗೆ ನೂಕಿದರೆ ನಡೆಯುವುದಿಲ್ಲ. ಅಗಲವಾದ ಮುಖ ಆ ವೇಗದಲ್ಲಿ ಗಾಳಿಗೆ ಅಡ್ಡಗೋಡೆಯಾಗುತ್ತದೆ. ಹೊರಗಿನಿಂದ ಬಂದ ತೆಳುವಾದ ತಣ್ಣನೆಯ ಪದರಕ್ಕೂ ಅಲ್ಲಿ ಕೆಲಸವಿದೆ. ಅದು ಎಂಜಿನ್ನಿನ ಮೈಯನ್ನು ತಣಿಸುತ್ತದೆ, ಹಿಂದಿನ ಆಫ್ಟರ್‌ಬರ್ನರಿನಲ್ಲಿ ಮತ್ತೊಮ್ಮೆ ಇಂಧನ ಸುರಿದಾಗ ಉರಿಯಲು ಆಮ್ಲಜನಕ ಕೊಡುತ್ತದೆ. ಮೇಡಂ, ನೀವು ತರಗತಿಯಲ್ಲಿ ಹೇಳಿದ ತಣಿಸುವ ಉತ್ತರ ಯುದ್ಧವಿಮಾನದ ಮಟ್ಟಿಗೆ ಅರ್ಧ ಸರಿಯಾಗಿಯೇ ಇತ್ತು.

ಕಾವೇರಿ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ. ಬೆಂಗಳೂರಿನ ಜಿಟಿಆರ್‌ಇ, ಅಂದರೆ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ, ಅದನ್ನು ರೂಪಿಸಿತು. ಮೂರು ಸಾಲಿನ ಫ್ಯಾನು, ಆರು ಸಾಲಿನ ಕಂಪ್ರೆಸರ್, ಒಂದೊಂದು ಸಾಲಿನ ಎರಡು ಟರ್ಬೈನುಗಳು ಅದಕ್ಕಿವೆ. ತೂಕ ಗುರಿಗಿಂತ ಹೆಚ್ಚಾಗಿ, ನೂಕುಬಲ ಗುರಿಗಿಂತ ಕಡಿಮೆಯಾಗಿ, ತೇಜಸ್‌ಗೆಂದೇ ಶುರುವಾಗಿದ್ದ ಅದನ್ನು 2008ರಲ್ಲಿ ಆ ವಿಮಾನದ ಯೋಜನೆಯಿಂದ ಬೇರ್ಪಡಿಸಲಾಯಿತು. 2010ರಲ್ಲಿ ರಷ್ಯಾದಲ್ಲಿ ಇಲ್ಯೂಶಿನ್-76 ವಿಮಾನದ ರೆಕ್ಕೆಗೆ ಕಟ್ಟಿ ಹಾರಿಸಿದಾಗ ಅದು ಆಕಾಶದಲ್ಲಿ ಕೆಲಸ ಮಾಡಿ ತೋರಿಸಿತು. ಈಗ ಆಫ್ಟರ್‌ಬರ್ನರ್ ಇಲ್ಲದ ರೂಪವೊಂದನ್ನು ಪೈಲಟ್‌ರಹಿತ ವಿಮಾನಕ್ಕಾಗಿ ಸಿದ್ಧಪಡಿಸುತ್ತಿದ್ದಾರೆ.

ಜನ ಇದನ್ನು ಸೋಲೆಂದು ಒಂದೇ ಮಾತಿನಲ್ಲಿ ಮುಗಿಸುವಾಗ ನನಗೆ ನೋವಾಗುತ್ತದೆ. ಕಷ್ಟ ಎಲ್ಲಿದೆಯೆಂದರೆ ದಹನ ಕೋಣೆಯ ಹಿಂದಿನ ಮೊದಲ ಸಾಲಿನ ಟರ್ಬೈನ್ ಬ್ಲೇಡಿನಲ್ಲಿ. ಅಂಗೈಗಿಂತ ಚಿಕ್ಕದಾದ ಆ ನಿಕಲ್ ಮಿಶ್ರಲೋಹದ ತುಂಡಿನ ಸುತ್ತ ಹರಿಯುವ ಅನಿಲದ ಬಿಸಿ ಆ ಲೋಹ ಕರಗುವ ಮಟ್ಟಕ್ಕಿಂತ ನೂರಾರು ಡಿಗ್ರಿ ಹೆಚ್ಚು. ಅದು ಕರಗದೆ ಉಳಿಯುವುದು ಬ್ಲೇಡಿನ ಒಳಗೆ ಕೊರೆದ ಟೊಳ್ಳುದಾರಿಗಳಲ್ಲಿ ಹರಿದು, ಮೈಮೇಲಿನ ಸೂಜಿಮೊನೆಯಂಥ ತೂತುಗಳಿಂದ ಹೊರಬಂದು, ತೆಳು ಹೊದಿಕೆಯಂತೆ ಹರಡುವ ಗಾಳಿಯಿಂದ. ಸಾಮಾನ್ಯ ಲೋಹದಲ್ಲಿ ಹರಳುಗಳು ಸೇರುವ ಗಡಿಗಳೇ ಮೊದಲು ಬಿಟ್ಟುಕೊಡುವುದರಿಂದ, ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಆ ಎರಕದ ಗುಟ್ಟು ಬಲ್ಲ ದೇಶಗಳು ಕೆಲವೇ, ಅವು ಅದನ್ನು ಯಾರಿಗೂ ಸುಲಭವಾಗಿ ಕಲಿಸುವುದಿಲ್ಲ. ಹೈದರಾಬಾದಿನ ಡಿಎಂಆರ್‌ಎಲ್ ಎಂಬ ಲೋಹ ಸಂಶೋಧನಾ ಪ್ರಯೋಗಾಲಯ 2021ರಲ್ಲಿ ಅಂಥ 60 ಬ್ಲೇಡುಗಳನ್ನು ತಾನೇ ಮಾಡಿ ಎಚ್‌ಎಎಲ್‌ಗೆ, ಹೆಲಿಕಾಪ್ಟರ್ ಎಂಜಿನ್ನಿಗಾಗಿ ಒಪ್ಪಿಸಿತು. ಬಿಸಿ ಹೆಚ್ಚಿದಷ್ಟೂ ನಡುವಿನ ಒಡಲು ಚಿಕ್ಕದಾಗಿದ್ದುಕೊಂಡೇ ಹೆಚ್ಚು ಶಕ್ತಿ ಕೊಡುತ್ತದೆ, ಹೊರಗಿನ ಫ್ಯಾನು ಅಷ್ಟೂ ದೊಡ್ಡದಾಗಬಹುದು. ಪ್ರಯಾಣಿಕ ವಿಮಾನದ ಅನುಪಾತ ಹನ್ನೊಂದಕ್ಕೆ ಏರಿದ್ದೂ ಈ ಬ್ಲೇಡಿನ ಬಲದಿಂದಲೇ.

ದೇವನಹಳ್ಳಿ ಆಕಾಶ:

ಗಾಳಿಯ ಲೆಕ್ಕವೇ ಮುಖ್ಯವಾದರೆ ನಮ್ಮ ಬೆಂಗಳೂರಿನ ಎತ್ತರ ಎಂಜಿನ್ನಿಗೆ ತೊಂದರೆ ಕೊಡಬೇಕಲ್ಲವೇ? ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲಿ 35 ಡಿಗ್ರಿ ಬಿಸಿಲಿದ್ದ ದಿನ ಗಾಳಿಯ ಸಾಂದ್ರತೆಯನ್ನು ಲೆಕ್ಕ ಹಾಕಿ ನೋಡಿದೆ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 16ರಷ್ಟು ಕಡಿಮೆ ಬಂತು.

ಹ್ಯಾಂಗರ್ ಬದಿಯವ:

ಲೆಕ್ಕ ಸರಿಯಾಗಿದೆ. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಹಿಡಿಗೆ ಸಿಗುವ ಗಾಳಿ ಅಷ್ಟು ಹಗುರ, ರೆಕ್ಕೆಗೆ ಸಿಗುವ ಎತ್ತುಬಲವೂ ಅಷ್ಟೇ ಕಡಿಮೆ. ಅದಕ್ಕಾಗಿ ವಿಮಾನ ಮಂಗಳೂರಿನ ಕರಾವಳಿಗಿಂತ ಇಲ್ಲಿ ನೆಲದ ಮೇಲೆ ಹೆಚ್ಚು ದೂರ ಓಡಬೇಕಾಗುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು 4,000 ಮೀಟರ್ ಉದ್ದವಿರುವುದು ದೂರದ ದೇಶಗಳಿಗೆ ತುಂಬಿದ ಟ್ಯಾಂಕಿನೊಡನೆ ಹೊರಡುವ ವಿಮಾನಗಳಿಗೆ ದೊಡ್ಡ ಅನುಕೂಲ.

ಚಿತ್ರದುರ್ಗದ ಉಪನ್ಯಾಸಕಿ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಇವತ್ತು ಸೋಮವಾರ. ತರಗತಿಯಲ್ಲಿ ಮೊದಲು ನನ್ನ ಹಿಂದಿನ ಉತ್ತರ ತಪ್ಪಿತ್ತೆಂದು ಹೇಳಿ, ಹಳೆಯ ಚಿತ್ರವನ್ನು ಅಳಿಸಿ ಹೊಸದನ್ನು ಬರೆದೆ. 50 ಮತ್ತು 10 ಮೆಗಾವ್ಯಾಟಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿದರು. ಉತ್ತರ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎರಡು ಸಲ ಕೂಡಿ ಕಳೆದು ನೋಡಿದ, ನಂಬಿಕೆ ಬರಲಿಲ್ಲವೆಂದು ಮೂರನೆಯ ಸಲವೂ ಮಾಡಿದ. ಪ್ರಶ್ನೆ ಕೇಳಿದ ಹುಡುಗಿಯನ್ನೇ ಕರೆದು ಬಾಣಗಳನ್ನು ಬರೆಸಿದೆ. ನಡುವೆ ಕೆಂಪು ಸೀಮೆಸುಣ್ಣದಿಂದ ಒಂದು, ಸುತ್ತ ನೀಲಿಯಲ್ಲಿ ಹನ್ನೊಂದು, ಎಲ್ಲವೂ ಒಂದೇ ಉದ್ದ. ಚಿತ್ರದಲ್ಲಿ ತಿದ್ದುವುದೇನಾದರೂ ಇದ್ದರೆ ತಿಳಿಸಬೇಕು. ನಾಳೆ ಇದನ್ನು ದೊಡ್ಡ ಹಾಳೆಯಲ್ಲಿ ಬರೆಸಿ ಪ್ರಯೋಗಾಲಯದ ಗೋಡೆಗೆ ಹಾಕುತ್ತೇವೆ.

ಟೆಸ್ಟ್‌ಬೆಡ್ ನಿವೃತ್ತ:

ಒಂದೇ ತಿದ್ದುಪಡಿ, ಮೇಡಂ. ಬಾಣದ ಉದ್ದ ವೇಗವನ್ನು ತೋರಿಸುವುದಾದರೆ ನಡುವಿನ ಕೆಂಪು ಬಾಣ ಉದ್ದವಾಗಿರಲಿ, ಸುತ್ತಲಿನ ಹನ್ನೊಂದು ನೀಲಿ ಬಾಣಗಳು ಅದಕ್ಕಿಂತ ಗಿಡ್ಡವಾಗಿರಲಿ. ಆ ಹುಡುಗಿಗೆ ಹೇಳಿ, ಎಲ್ಲ ಬಾಣಗಳೂ ಎಂಜಿನ್ನಿನ ಮುಂದೆ ಒಂದೇ ಉದ್ದದವು, ಹಿಂದೆ ಮಾತ್ರ ಬೇರೆ ಬೇರೆ ಉದ್ದದವು. ಮುಂದಿನ ಬಾಣಕ್ಕೂ ಹಿಂದಿನ ಬಾಣಕ್ಕೂ ಇರುವ ಉದ್ದದ ವ್ಯತ್ಯಾಸವನ್ನು ಹನ್ನೆರಡಕ್ಕೂ ಅಳೆದು ಕೂಡಿದರೆ, ಅದೇ ಹಾಳೆಯ ಮೇಲೆ ನೂಕುಬಲ ಅಳತೆಗೆ ಸಿಗುತ್ತದೆ.